ಅನುಮತಿ ಕೇಳಿದ ಮದುವೆ ಕಾಗದ

ಹೊಸನಗರದ ಸೊಸೈಟಿ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೃಷ್ಣಪ್ರಸಾದನ ಅಪ್ಪಣೆಯಿಲ್ಲದೆ ಯಾರೂ ಇ-ಮೇಲ್ ಒಳಗಿನ ಬಟನ್ ಒತ್ತುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ಒತ್ತಿ, ಕಂಪ್ಯೂಟರುಗಳೆಲ್ಲ ಮಲಗಿಬಿಟ್ಟ ಮೇಲೆ ಬಂದ ಪದ್ಧತಿ ಅದು. ಮೇಲ್ ಒಳಗೆ ಕುಣಿಯುವ, ಹಾಡುವ ಸರಕೇನಾದರೂ ಇದ್ದರೆ ಕಂಪ್ಯೂಟರ್ ಅದನ್ನು ತಡೆದು, ಬಿಡಬಹುದೇ ಎಂದು ಕೇಳುತ್ತದೆ. ಕಳಿಸಿದವರಿಗೆ ಫೋನ್ ಮಾಡದೆ ಬಿಡಬೇಡಿ ಎಂದು ಎಲ್ಲರಿಗೂ ಹೇಳಿಕೊಟ್ಟವನು ಅವನೇ.

ಆ ಸೋಮವಾರ ಬಂದದ್ದು ನಿವೃತ್ತ ಮ್ಯಾನೇಜರ್ ನಾಗರಾಜಪ್ಪನವರ ಹೆಸರಿನ ಮೇಲ್. ಮಗಳು ಆಶಾಳ ಮದುವೆ, ತೀರ್ಥಹಳ್ಳಿಯಲ್ಲಿ. ಮದುವೆ ಕಾಗದ ತೆರೆಯಲು ಅನುಮತಿ ಕೊಡಿ. ತೀರ್ಥೇಶನೊಬ್ಬನನ್ನು ಬಿಟ್ಟು ಆಫೀಸಿನ ಎಲ್ಲರಿಗೂ ಬಂದಿತ್ತು.

ತೀರ್ಥೇಶನ ಮನೆಗೆ ಹಿಂದಿನ ದಿನವೇ ನಾಗರಾಜಪ್ಪನವರು, ಅವರ ಹೆಂಡತಿ ಇಬ್ಬರೂ ಬಂದು, ಕುಂಕುಮ ಅಕ್ಷತೆ ಕೊಟ್ಟು ಕರೆದು ಹೋಗಿದ್ದರು. ಬೆಳಿಗ್ಗೆಯಿಂದ ಅವನ ಬಾಯಲ್ಲಿ ಅದೇ ಮಾತು. ಕೃಷ್ಣಪ್ರಸಾದನಿಗೆ ಹೊಟ್ಟೆ ಉರಿಯುತ್ತಿತ್ತು. ನಾಗರಾಜಪ್ಪನವರಿಗೆ ಮೌಸ್ ಹಿಡಿಯುವುದನ್ನು ಕಲಿಸಿದವರು ಯಾರು? ಅವರ ಹೆಂಡತಿ ಸಾಗರದ ಆಸ್ಪತ್ರೆಯಲ್ಲಿದ್ದಾಗ ಊಟ ಹೊತ್ತವರು ಯಾರು? ಈ ತೀರ್ಥೇಶ ಮಾಡಿದ್ದೇನು, ಸಂಜೆ ಅವರ ಜೊತೆ ಕೂತು ಇಸ್ಪೀಟು ಆಡಿದ್ದು. ಅವನ ಮನೆ ಮುಂದೆ ಅವರ ಕಾರು ಕಂಡಾಗ, ತನ್ನ ಮನೆಗೂ ಬರುತ್ತಾರೆಂದು ಕೃಷ್ಣಪ್ರಸಾದ ಕತ್ತಲಾಗುವವರೆಗೆ ಕಾದಿದ್ದ.

ಅಂಥವರು ತನಗೆ ಮೇಲ್ ಕಳಿಸುವುದುಂಟೆ? ಇವತ್ತಲ್ಲ ನಾಳೆ ಮನೆಗೇ ಬರುತ್ತಾರೆ. ಹಾಗಿದ್ದರೆ ಇದು ಕಳ್ಳ ಮೇಲೇ ಸರಿ. ಅಷ್ಟು ಜಾಣನ ಜಾಣತನ ಕೈಕೊಟ್ಟದ್ದು ಇಲ್ಲೇ ನೋಡಿ.

“ಇದು ಫೇಕು. ಯಾರೂ ಒತ್ಬೇಡಿ, ಡಿಲೀಟ್ ಮಾಡಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

“ಒಂದು ಫೋನ್ ಮಾಡಿ ಕೇಳು ಮಾರಾಯ. ದಿನಾ ನೀನೇ ಹೇಳ್ತೀಯಲ್ಲ,” ಎಂದ ತೀರ್ಥೇಶ.

“ಎಂತಕ್ಕೆ ಕೇಳೋದು? ಅವ್ರು ನನ್ನ ಕರೆಯೋದಾದ್ರೆ ಮನೆಗೇ ಬರ್ತಾರೆ.”

ತೀರ್ಥೇಶ ತಾನೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೇಳಿದ.

“ನಾನೇ ಕಳ್ಸಿದ್ದು ಕಣೋ,” ಎಂದಿತು ನಾಗರಾಜಪ್ಪನವರ ದನಿ. “ಎಲ್ರ ಮನೆಗೂ ಹೋಗಕ್ಕಾಗುತ್ತಾ? ನಮ್ಮೋರು ಅಂತ ಇರೋ ನಾಲ್ಕು ಮನೆಗೆ ಹೋಗ್ಬಂದೆ. ಉಳಿದೋರಿಗೆಲ್ಲ ಮೇಲ್ ಮಾಡ್ದೆ. ಅದನ್ನ ಪ್ರಸಾದ ಕಲ್ಸಿಕೊಟ್ಟಿದ್ದು ಒಳ್ಳೇದಾಯ್ತು, ಭಾಳ ಓಡಾಟ ಉಳೀತು.”

ತೀರ್ಥೇಶ ಅವಸರದಿಂದ ಫೋನ್ ಇಟ್ಟ. ಇದು ವೈರಸ್ಸೇ ಆಗಿ, ಇಡೀ ಆಫೀಸು ಮಲಗಿದ್ದರೂ ಎಷ್ಟೋ ಚೆನ್ನಾಗಿತ್ತು ಎನಿಸಿತು ಕೃಷ್ಣಪ್ರಸಾದನಿಗೆ.

ಕೌಂಟರಿನ ಚೈತ್ರಾ ಮೆಲ್ಲಗೆ ಕೇಳಿದಳು: “ಸರ್, ಹಂಗಾದ್ರೆ ಒತ್ಬಹುದಾ?”

“ಒತ್ತಿ. ಏನೂ ಆಗಲ್ಲ,” ಎಂದ ಅವನು, ತಲೆ ಎತ್ತದೆ.

ಎಲ್ಲರ ಕಂಪ್ಯೂಟರಿನಿಂದಲೂ ಒಟ್ಟಿಗೇ ಮಂಗಳವಾದ್ಯ ಶುರುವಾಯಿತು.