ಬಾಗಿಲು ತಟ್ಟುವ ಕೆಲಸ

ಹೋಟೆಲಿನ ಕೋಣೆಗಳನ್ನು ಗುಡಿಸಿ ಒರೆಸುವ ಕೆಲಸದಲ್ಲಿ ಅವಳಿಗೆ ಬಾರದಿದ್ದದ್ದು ಒಂದೇ, ಬಾಗಿಲು ತಟ್ಟುವುದು. ಹಾಸಿಗೆ ಸರಿಮಾಡುವುದರಲ್ಲಿ ಅವಳದು ಎತ್ತಿದ ಕೈ. ಕಮೋಡು ತಿಕ್ಕುವುದರಲ್ಲೂ ಹಿಂದೆ ಬಿದ್ದವಳಲ್ಲ. ಆದರೆ ಮುಚ್ಚಿದ ಬಾಗಿಲ ಮುಂದೆ ಎತ್ತಿದ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು, ಉತ್ತರ ಗೊತ್ತಿಲ್ಲದೆ ತರಗತಿಯಲ್ಲಿ ಕೈ ಎತ್ತಿದ ಮಗುವಿನ ಹಾಗೆ. ಅದಕ್ಕೇ ಅವಳು ಕೆಮ್ಮುತ್ತಿದ್ದಳು. ಕೆಮ್ಮಿ, ಬಕೆಟ್ಟಿನ ಸದ್ದು ಮಾಡಿ, ಟ್ರಾಲಿಯನ್ನು ಗೋಡೆಗೆ ಗುದ್ದಿಸಿ, ಒಳಗಿನವರು ತಾವಾಗಿಯೇ ಬಾಗಿಲು ತೆರೆಯಲಿ ಎಂದು ಕಾಯುತ್ತಿದ್ದಳು. ಜೊತೆಯವರು ಕೆಮ್ಮಮ್ಮ ಎಂದು ಹೆಸರಿಟ್ಟಿದ್ದರು. ಅವಳು ಬೇಜಾರು ಮಾಡಿಕೊಂಡಿರಲಿಲ್ಲ. ಪುಕ್ಕಲಮ್ಮ ಎನ್ನುವುದಕ್ಕಿಂತ ವಾಸಿ.

ಒಂದು ದಿನ ಕೆಮ್ಮು ಕೈಕೊಟ್ಟಿತು. ಸ್ನಾನ ಮಾಡುತ್ತಿದ್ದ ಗಿರಾಕಿಗೆ ಅದು ಕೇಳಿಸಲಿಲ್ಲ. ಕೋಣೆ ಖಾಲಿ ಇದೆಯೆಂದು ಇವಳು ಕೀಲಿ ತಿರುಗಿಸಿ ಒಳಗೆ ಹೋದಳು. ಆತ ಅಂಗೈಯಗಲದ ಟವೆಲ್ಲು ಹಿಡಿದು ಹೊರಗೆ ಬಂದ. ಇಬ್ಬರಲ್ಲಿ ಯಾರು ಹೆಚ್ಚು ಕಿರುಚಿದರೆಂದು ತೀರ್ಮಾನವಾಗುವ ಮೊದಲೇ ದೂರು ಕೆಳಗೆ ತಲುಪಿತ್ತು.

"ಏನಮ್ಮ, ಬಾಗಿಲು ಕಚ್ಚುತ್ತಾ ನಿನಗೆ?" ಎಂದರು ಸೂಪರ್‌ವೈಸರ್ ಅಕ್ಕ.

"ಇಲ್ಲಕ್ಕ."

"ಕೈ ನೋವಾ?"

"ಇಲ್ಲಕ್ಕ."

"ಮತ್ತೆ ಮರ್ಯಾದೆಯಾಗಿ, ಮೆತ್ತಗೆ ತಟ್ಟೋದಕ್ಕೇನು ದಾಡಿ? ನಾಳೆ ನಿನ್ನ ಹಿಂದೇನೇ ನಿಂತಿರ್ತೀನಿ. ತಟ್ಟಿದ್ರೆ ಸರಿ. ಇಲ್ಲಾಂದ್ರೆ ನಾಡಿದ್ದಿಂದ ಮನೇಲೇ ಕೂತು ಕೆಮ್ಮು."

ಮರ್ಯಾದೆಯಾಗಿ, ಮೆತ್ತಗೆ. ತೊಂದರೆ ಇದ್ದದ್ದೇ ಅಲ್ಲಿ. ಹುಟ್ಟಿದ ದೇಶದಲ್ಲಿ, ಅವಳು ಚಿಕ್ಕವಳಿದ್ದಾಗ, ಅಪ್ಪನನ್ನು ಕರೆದೊಯ್ಯಲು ಬಂದವರು ಹಾಗೆಯೇ ತಟ್ಟಿದ್ದರು. ಅಪ್ಪ ಕೆಲಸಕ್ಕಿದ್ದ ಅಚ್ಚುಕೂಟದಲ್ಲಿ ಸರ್ಕಾರಕ್ಕೆ ಹಿಡಿಸದ ಕರಪತ್ರವೊಂದು ಅಚ್ಚಾಗಿತ್ತು. ಒದ್ದು ನುಗ್ಗಿದ್ದರೆ ಒದೆಯುವವರಿಗೆ ಮಾತ್ರ ಹೆದರಿಕೊಂಡು ಬದುಕಬಹುದಿತ್ತು. ಅಂಥವರು ದಿನಾ ಸಿಗುವುದಿಲ್ಲ. ಆದರೆ ಅವರು ನೆಂಟರ ಹಾಗೆ ತಟ್ಟಿದರು. ಅಪ್ಪ "ಈಗ ಬಂದೆ" ಎಂದು ಬರಿಗಾಲಲ್ಲೇ ಹೋದವನು ಬರಲಿಲ್ಲ. ಅಮ್ಮ, ಮಗಳು ಗಡಿ ದಾಟಿ ಇಷ್ಟು ದೂರ ಬಂದರು. ಬಂದು ಮಗಳು ಹುಡುಕಿಕೊಂಡದ್ದು ಊರವರ ಬಾಗಿಲನ್ನೆಲ್ಲ ತಟ್ಟುವ ಕೆಲಸ. ಇಂಥ ಬುದ್ಧಿಗೆ ಹಾರ ಹಾಕಬೇಕು ಎಂದು ಅವಳಿಗೆ ಎಷ್ಟೋ ಸಲ ಅನಿಸಿದ್ದುಂಟು.

ಅಮ್ಮ ಮಾತ್ರ ಗಟ್ಟಿಗಿತ್ತಿ. "ಅದೆಲ್ಲ ಯಾವ ಕಾಲದ್ದೋ, ನಾನು ಮರೆತೇಬಿಟ್ಟಿದೀನಿ" ಎನ್ನುತ್ತಿದ್ದಳು. ಮನೆಗೆ ಬರುವಾಗ ಇಬ್ಬರೂ ಮೆಟ್ಟಿಲಿನಿಂದಲೇ ಕೆಮ್ಮುತ್ತ, ಬೀಗದಕೈ ಗೊಂಚಲು ಕುಲುಕಿಸುತ್ತ ಬರುತ್ತಿದ್ದರು. ಯಾಕೆಂದು ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಆ ಸಂಜೆ ಅಮ್ಮ ರೇಡಿಯೋ ಹಾಕಿಕೊಂಡು ಅಡುಗೆಮನೆಯಲ್ಲಿದ್ದಾಗ ಅವಳು ಸದ್ದಿಲ್ಲದೆ ಹೊರಗೆ ಹೋಗಿ, ಬಾಗಿಲೆಳೆದುಕೊಂಡು, ಕಣ್ಣು ಮುಚ್ಚಿ ತಟ್ಟಿದಳು. ಕೈ ಉದುರಿ ಬೀಳಲಿಲ್ಲ. ಹುರುಪಿನಿಂದ ಇನ್ನೊಮ್ಮೆ ತಟ್ಟಿದಳು. ಒಳಗೆ ರೇಡಿಯೋ ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಅವಳು ಬೀಗ ತೆಗೆದು ಒಳಗೆ ಹೋದಳು.

ಒಲೆ ಆರಿತ್ತು. ನಡುಮನೆಯಲ್ಲಿ ಅಮ್ಮ ನಿಂತಿದ್ದಳು. ಮೈಮೇಲೆ ಕೋಟು, ಗಂಟಲವರೆಗೂ ಗುಂಡಿ. ಕಾಲಲ್ಲಿ ಶೂ, ಬಿಗಿಯಾಗಿ ಕಟ್ಟಿದ ಲೇಸು.

"ನಾನಮ್ಮ. ನಾನೇ ತಟ್ಟಿದ್ದು. ಪ್ರಾಕ್ಟೀಸು."

"ಕತ್ತೆ" ಎಂದು ಅಮ್ಮ ಕುರ್ಚಿಯಲ್ಲಿ ಕುಸಿದಳು.

"ಮರೆತುಬಿಟ್ಟಿದೀನಿ ಅಂತಿದ್ದೆಯಲ್ಲ?"

ಅಮ್ಮ ತನ್ನ ಕಾಲನ್ನೇ ನೋಡಿಕೊಂಡಳು. "ನಿಮ್ಮಪ್ಪ ಬರಿಗಾಲಲ್ಲಿ ಹೋದ್ರು. ಹೊರಗೆ ಮಂಜು ಬಿದ್ದಿತ್ತು. ನಾನಾದ್ರೂ ಶೂ ಹಾಕ್ಕೊಂಡು ಹೋಗೋಣ ಅಂತ."

ಅವಳಿಗೆ ಅಳು ಬರಬೇಕಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ. "ಇಷ್ಟು ಬೇಗ ಲೇಸು ಕಟ್ಟೋಕೆ ಯಾವಾಗಮ್ಮ ಕಲಿತೆ?"

"ನೀನು ಕೆಲಸಕ್ಕೆ ಹೋದ ಮೇಲೆ ದಿನಾ ಕಟ್ಟಿ ಬಿಚ್ಚಿ ನೋಡ್ತೀನಿ."

ಮನೆಯಲ್ಲಿ ತಲೆ ಕೆಟ್ಟಿರುವುದು ತನಗೊಬ್ಬಳಿಗೇ ಎಂಬ ಅವಳ ಜಂಬ ಅಲ್ಲಿಗೆ ಇಳಿಯಿತು. ಮೊದಲು ನಕ್ಕವಳು ಅಮ್ಮ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಡುವೆ ಒಂದಿಷ್ಟು ಅತ್ತರು.

"ಹೋಗು, ಆಚೆ ನಿಂತು ಇನ್ನೊಂದ್ಸಲ ತಟ್ಟು" ಎಂದಳು ಅಮ್ಮ ಮೂಗೊರೆಸಿಕೊಳ್ಳುತ್ತ. "ತಟ್ಟಿದ ತಕ್ಷಣ ಯಾರು ಅಂತ ಹೇಳು. ಅವತ್ತು ಬಂದವರು ಹೇಳಲಿಲ್ಲ."

ಮರುದಿನ ಸೂಪರ್‌ವೈಸರ್ ಅಕ್ಕ ಕೈಕಟ್ಟಿ ಹಿಂದೆ ನಿಂತರು. ಅವಳ ಕೈ ಎಂದಿನಂತೆ ಗಾಳಿಯಲ್ಲಿ ಸ್ವಲ್ಪ ಹೊತ್ತು ತಂಗಿತು. ಆಮೇಲೆ ತಟ್ಟಿತು.

"ನಾನು, ರೂಮು ಕ್ಲೀನ್ ಮಾಡೋಳು. ಹೆದರಬೇಡಿ."

ಕೂಗಿದ್ದು ಕಾರಿಡಾರಿನ ಆ ತುದಿಯವರೆಗೂ ಕೇಳಿಸಿತು. ಒಳಗಿಂದ ಮುದುಕರೊಬ್ಬರು, "ಹೆದರಿಲ್ಲಮ್ಮ, ಬಾ" ಎಂದರು.

"ಹೆದರಬೇಡಿ ಅನ್ನೋದೆಲ್ಲ ಬೇಡ" ಎಂದರು ಅಕ್ಕ.

"ಬೇಕಕ್ಕ."

ಅಕ್ಕನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅಕ್ಕ ಅವಳ ಮುಖವನ್ನೇ ನೋಡಿದರು. "ಆಯ್ತು. ಸ್ವಲ್ಪ ಮೆಲ್ಲಗೆ ಹೇಳು. ನಾಳೇನೂ ಬಾ" ಎಂದು ಹೊರಟುಹೋದರು.

ಸಂಜೆ ತಮ್ಮ ಮನೆಯ ಬಾಗಿಲ ಮುಂದೆ ಕೆಮ್ಮು ಗಂಟಲವರೆಗೆ ಬಂತು. ಅದನ್ನು ನುಂಗಿಕೊಂಡು ಅವಳು ತಟ್ಟಿದಳು.

"ನಾನೇ, ಅಮ್ಮ. ಹೆದರಬೇಡ."

ಬಾಗಿಲು ತೆರೆಯುವುದು ಸ್ವಲ್ಪ ತಡವಾಯಿತು. ಅಮ್ಮನ ಒಂದು ಕಾಲಲ್ಲಿ ಶೂ ಇತ್ತು. ಇನ್ನೊಂದು ಶೂ ಕೈಯಲ್ಲಿತ್ತು.

"ನಿನ್ನ ದನಿ ಕೇಳಿ ಅಷ್ಟಕ್ಕೇ ನಿಲ್ಲಿಸಿದೆ" ಎಂದಳು.