ಬಕೆಟ್ಟಿನ ಕೆಳಗೆ

"ಉಜ್ಜೇ ಲೌಡಿ, ನೆಟ್ಟಗೆ ಉಜ್ಜು. ಆ ಸಂದೀಲಿ ಇನ್ನೂ ಕೆಂಪಗೈತೆ. ನಿಮ್ಮಕ್ಕಂದೇ ತಾನೇ, ಅಸಹ್ಯ ಯಾತಕ್ಕೆ?"

ಕೋದಂಡಪ್ಪ ಇಷ್ಟನ್ನೂ ಬೈಕಿನ ಮೇಲೆ ಕೂತೇ ಅಂದ. ಇಳಿದರೆ, ಪೂಜೆಗೆಂದು ಸ್ನಾನ ಮಾಡಿ ಉಟ್ಟ ಬಿಳಿ ಪಂಚೆಗೆ ಕೆರೆಯ ಗೋಡುಮಣ್ಣು ಹತ್ತುತ್ತದಲ್ಲ. ಮುನಿಗಂಗಮ್ಮ ತಿರುಗಿ ನೋಡಲಿಲ್ಲ. ಲೋಡರ್ ಗಾಡಿಯ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ತೆಂಗಿನ ನಾರಿನಿಂದ ಅದರ ಕಬ್ಬಿಣದ ಹಲ್ಲು ತಿಕ್ಕುತ್ತಿದ್ದಳು. ಅವಳು ಎಮ್ಮೆ ತೊಳೆದವಳು, ಗೌಡರ ಕೊಟ್ಟಿಗೆ ತೊಳೆದವಳು, ಸತ್ತವರ ಬಟ್ಟೆ ಒಗೆದವಳು. ಕಬ್ಬಿಣ ತೊಳೆಯುವುದು ಮಾತ್ರ ಇದೇ ಮೊದಲು. ಮಣ್ಣಾದರೆ ಹೀರಿಕೊಂಡು ಸುಮ್ಮನಾಗುತ್ತದೆ. ಈ ಹಾಳು ಕಬ್ಬಿಣ ಸುರಿದ ನೀರನ್ನೆಲ್ಲ ತಿರುಗಿ ಅವಳ ಕಾಲಿಗೇ ಬಿಡುತ್ತಿತ್ತು.

ಅವಳ ಅಕ್ಕ ಅಮ್ಮಾಜಮ್ಮ ಮೊನ್ನೆ ಈ ಬಕೆಟ್ಟಿನ ಕೆಳಗೆ ಸಿಕ್ಕಿ ಸತ್ತಿದ್ದಳು. ಅವತ್ತಿನಿಂದ ಗಾಡಿ ನಿಂತಲ್ಲೇ ನಿಂತಿದೆ. ಡ್ರೈವರ್ ಆರುಮುಗಂ ನಂದಿದುರ್ಗ ಚಿನ್ನದ ಗಣಿಯ ಲೈನು ಮನೆಯವನು, ತಮಿಳರವನು. ಜೀವ ತೆಗೆದುಕೊಂಡ ಗಾಡಿಗೆ ಪೂಜೆಯಾಗದೆ ಕೀಲಿ ಹಾಕುವುದಿಲ್ಲ ಎಂದು ಅವನು ಕೂತುಬಿಟ್ಟ. ಪೂಜೆಗೆ ಕರೆದ ಅಯ್ನೋರು, ರಕ್ತ ತೊಳೆಯದೆ ಹತ್ತಿರ ಬರುವುದಿಲ್ಲ ಎಂದರು. ತೊಳೆಯುವವರು ಯಾರು? ಇಟ್ಟಿಗೆ ಗೂಡಿನ ಆಳುಗಳೆಲ್ಲ ಮುಖ ತಿರುಗಿಸಿದರು. ಕಡೆಗೆ ಕೋದಂಡಪ್ಪ ಕೇರಿಗೆ ಆಳು ಕಳಿಸಿ, ಯಾರ ರಕ್ತವೋ ಅವರೇ ಬಂದು ತೊಳೆಯಲಿ ಎಂದ. ಅಕ್ಕನ ಮೂರನೇ ದಿನದ ಹಾಲುತುಪ್ಪಕ್ಕೆ ಒಲೆ ಹಚ್ಚುತ್ತಿದ್ದವಳು ಎದ್ದು ಬಂದಿದ್ದಳು.

ಬಾರದೆ ಇದ್ದರೆ? ಅದನ್ನು ಕೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಮೊನ್ನೆಯಿಂದ ಕಣ್ಣು ಮುಚ್ಚಿಲ್ಲ. ಮೈಯೆಲ್ಲ ಯಾರದೋ ಮೈ ಅನ್ನಿಸುತ್ತಿತ್ತು.

ಕಾಮಸಮುದ್ರದ ಕಡೆಯ ಈ ಕೆರೆಯಂಗಳದಿಂದ ಕೋದಂಡಪ್ಪನ ಇಟ್ಟಿಗೆ ಗೂಡಿಗೆ ಮಣ್ಣು ಹೋಗುತ್ತಿತ್ತು. ಹೋದ ವರ್ಷದವರೆಗೂ ಕೇರಿಯ ಹೆಂಗಸರೇ ಬಾಂಡ್ಲಿಯಲ್ಲಿ ಹೊತ್ತು ಲಾರಿ ತುಂಬುತ್ತಿದ್ದರು. ಆಮೇಲೆ ಕೋದಂಡಪ್ಪ ಯಾವುದೋ ಹರಾಜಿನಲ್ಲಿ ಈ ಹಳೇ ಗಾಡಿ ಹಿಡಿದು ತಂದ. ಆಳೆತ್ತರದ ಟೈರು, ಮುಂದಕ್ಕೆ ಚಾಚಿದ ಎರಡು ಕಬ್ಬಿಣದ ಕೈ, ಕೈಯ ತುದಿಗೆ ಹಲ್ಲಿರುವ ಬಕೆಟ್ಟು. ಒಂದು ಸಲ ಬಾಯಿ ಹಾಕಿದರೆ ಎರಡು ಎತ್ತಿನಗಾಡಿ ಮಣ್ಣು. ಆ ಕೈಗಳಿಗೆ ಬಲವೆಲ್ಲ ಎಣ್ಣೆಯದು. ಪೈಪಿನಲ್ಲಿ ಎಣ್ಣೆ ಒತ್ತಿದರೆ ಬಕೆಟ್ಟು ಏಳುತ್ತದೆ, ಎಣ್ಣೆ ಸೋರಿಹೋದರೆ ದೊಪ್ಪನೆ ಬೀಳುತ್ತದೆ. ಬಾಂಡ್ಲಿಯ ಹೆಂಗಸರೆಲ್ಲ ಮನೆಗೆ ಹೋದರು.

ಅಮ್ಮಾಜಮ್ಮ, ಮಂಗಮ್ಮ ಮತ್ತೆ ಮೂರ್ನಾಲ್ಕು ಹೆಂಗಸರು ಮಾತ್ರ ಉಳಿದರು. ಅವರು ಉಳಿದದ್ದು ಕೆರೆಯ ಗೋಡಿನ ದಯೆಯಿಂದ. ಅದು ಬೆಲ್ಲದ ಪಾಕದ ಹಾಗೆ ಅಂಟುವ ಮಣ್ಣು. ಬಕೆಟ್ಟನ್ನು ಮಗುಚಿದರೂ ಅರ್ಧ ಒಳಗೇ ಉಳಿಯುತ್ತಿತ್ತು. ಆರುಮುಗಂ ಮೊದಮೊದಲು ಬಕೆಟ್ಟನ್ನು ದಡ್ ದಡ್ ಎಂದು ಕುಟ್ಟಿ ಮಣ್ಣು ಉದುರಿಸುತ್ತಿದ್ದ. ಅದಕ್ಕೆ ಕೋದಂಡಪ್ಪ ಕೂಗಾಡಿದ. ಕುಟ್ಟಿದರೆ ಕೀಲಿನ ಪಿನ್ನು ಸವೆಯುತ್ತದೆ, ಕೆರೆಯೋಕೆ ಹೆಂಗಸರಿಲ್ಲವಾ? ಅಲ್ಲಿಂದ ಮುಂದೆ ಬಕೆಟ್ಟನ್ನು ತಲೆಯ ಮೇಲೆತ್ತಿ ಮಗುಚಿ ನಿಲ್ಲಿಸುವುದು, ಒಬ್ಬ ಹೆಂಗಸು ಅದರ ಕೆಳಗೆ ಹೋಗಿ ಸಲಿಕೆಯಿಂದ ಮಣ್ಣು ಕೆರೆದು ಬೀಳಿಸುವುದು. ಪಿನ್ನು ಸವೆಯಲಿಲ್ಲ.

ಸವೆದದ್ದು ಪೈಪು. ಗಾಡಿಯ ಎಡಗೈಯ ರಬ್ಬರು ಪೈಪಿನಲ್ಲಿ ಎಣ್ಣೆ ಜಿನುಗುವುದನ್ನು ಆರುಮುಗಂ ಹೇಳಿದ್ದ. ಕೋದಂಡಪ್ಪ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿಸಿದ. ಮೊನ್ನೆ ಬೆಳಿಗ್ಗೆ ಅಮ್ಮಾಜಮ್ಮನ ನೆತ್ತಿಯ ಮೇಲೇ ಎಣ್ಣೆ ತೊಟ್ಟಿಕ್ಕಿತು. ಅವಳು ಸಲಿಕೆ ಹಿಡಿದು ಹಿಂದೆ ಸರಿದಳು.

"ಗೌಡ್ರೇ, ಪೈಪು ಸುರೀತೈತೆ."

"ನಿನ್ನ ಮೂಗೂ ಸುರೀತೈತೆ, ಅದನ್ನ ಯಾರೇ ರಿಪೇರಿ ಮಾಡ್ಸಿದ್ರು? ಓಗೇ ಕೆಳಕ್ಕೆ."

ಎಲ್ಲರೂ ನಕ್ಕರು. ಮುನಿಗಂಗಮ್ಮ ಅವತ್ತು ಅಕ್ಕನಿಗೆ ಬುತ್ತಿ ತಂದವಳು ದಿಬ್ಬದ ಮೇಲೆ ನಿಂತಿದ್ದಳು, ಅವಳಿಗೂ ನಗು ಬಂತು. ಅಯ್ಯೋ, ಅಮ್ಮಾಜಮ್ಮನೂ ನಕ್ಕಳು. ಮೂಗನ್ನು ಸೆರಗಿಗೆ ಒರೆಸಿಕೊಂಡು ನಗುತ್ತಲೇ ಬಕೆಟ್ಟಿನ ಕೆಳಗೆ ಹೋದಳು. ಆಮೇಲೆ ಪೈಪು ಹರಿಯಿತು. ಆರುಮುಗಂ ಹಿಡಿ ಎಳೆದ, ಎಳೆದ, ಗಾಡಿ ಏನೂ ಕೇಳಲಿಲ್ಲ. ಬಕೆಟ್ಟನ್ನು ಎತ್ತಿ ಅವಳನ್ನು ತೆಗೆಯಲು ಗೂಡಿನಿಂದ ಜಾಕಿ ಬರಬೇಕಾಯಿತು.

ಈಗ ಮೇಸ್ತ್ರಿ ಸೊಣ್ಣಪ್ಪ ಬಂದು ಅವಳ ಪಕ್ಕದಲ್ಲಿ ಕೂತ. ಅವನೂ ಕೇರಿಯವನೇ, ವರಸೆಯಲ್ಲಿ ಮುನಿಗಂಗಮ್ಮನಿಗೆ ಮಾವ. ಬೀಡಿ ಹಚ್ಚದೆ ಬೆರಳಲ್ಲಿ ಉರುಳಿಸುತ್ತಾ ಮೆಲ್ಲಗೆ ಮಾತು ತೆಗೆದ.

"ಗಂಗೀ, ಇವತ್ತು ಇನಿಸ್ಪೆಟ್ರು ಬತ್ತಾರಂತೆ. ನಿನ್ನೇ ಕೇಳ್ತಾರೆ, ನೀನು ನೋಡ್ದೋಳಲ್ವಾ."

"ಊ."

"ಕುಡ್ದು ಬಂದು ಬಕೆಟ್ಟಿನ ನೆರಳಾಗೆ ಮಲ್ಗಿದ್ಲು, ಯಾರಿಗೂ ಕಾಣ್ಲಿಲ್ಲ ಅಂತ ಯೋಳ್ಬುಡು. ಗೌಡ್ರು ಟೇಸನ್ನಾಗೆ ಅಂಗೇ ಬರ್ಸಿದಾರೆ."

ಮುನಿಗಂಗಮ್ಮನ ಕೈ ನಿಂತಿತು. ಅಕ್ಕ ಕುಡಿಯುವವಳೇ ಅಲ್ಲ ಅಂತೇನಿಲ್ಲ. ಹಬ್ಬಕ್ಕೆ ಕುಡಿಯುತ್ತಿದ್ದಳು, ಕುಡಿದರೆ ಸತ್ತ ಗಂಡನನ್ನು ಕರೆದು ಬೈಯುತ್ತಿದ್ದಳು. ಆದರೆ ಮೊನ್ನೆ ಅವಳ ಹೊಟ್ಟೆಯಲ್ಲಿ ಇದ್ದದ್ದು ರಾಗಿ ಅಂಬಲಿ. ಕಾಸಿ ಕೊಟ್ಟವಳು ಇವಳೇ.

"ಮಾವ, ಅವ್ಳು ಕೆರೀತಿದ್ಲು. ನೀನೂ ಅಲ್ಲೇ ನಿಂತಿದ್ದೆ."

"ನಿಂತಿದ್ದೆ ಕಣಮ್ಮಿ. ಏನು ಮಾಡ್ಲಿ ಯೋಳು." ಸೊಣ್ಣಪ್ಪ ನೆಲ ನೋಡಿದ. "ಓದೋಳು ಬತ್ತಾಳಾ? ಅಕ್ಕನ ಜಾಗ ನಿಂಗೇ ಕೊಡ್ತೀನಿ ಅಂದವ್ರೆ. ಪೂಜೆ ಮುಗೀತಿದ್ದಂಗೇ ಇವತ್ತೇ ಸಲಿಕೆ ಇಡ್ಕೋ. ಒಟ್ಟೆಪಾಡು ನೋಡ್ಬೇಕಲ್ಲ."

ಅವನು ಎದ್ದು ಹೋದ ಮೇಲೆ ಅವಳು ಬಕೆಟ್ಟಿನ ಹಲ್ಲುಗಳನ್ನು ಮುಗಿಸಿ ಅದರ ಬೆನ್ನು ತಿಕ್ಕಿದಳು. ಬೆನ್ನು ತಿಕ್ಕುತ್ತಾ ತಲೆ ಎತ್ತಿದಾಗ ಎಡಗೈಯ ಪೈಪು ಕಾಣಿಸಿತು. ಅದೇ ಹಳೇ ಪೈಪು. ಹರಿದ ಕಡೆ ಟ್ಯೂಬು ಮಾತ್ರ ಹೊಸದು, ಈ ಸಲ ಎರಡು ಸುತ್ತು ಹೆಚ್ಚು ಸುತ್ತಿ ಮೇಲೆ ತಂತಿ ಬಿಗಿದಿದ್ದರು. ಅದರ ಕೆಳಗೆ ಇವತ್ತು ಮಧ್ಯಾಹ್ನ ನಿಲ್ಲಬೇಕಾದವಳು ತಾನು. ನಾಳೆ ಮಂಗಮ್ಮ. ನಾಡಿದ್ದು ಯಾರೋ.

ಅಯ್ನೋರು ಬಂದರು. ಏರಿಯ ಮೇಲೆ ಸೈಕಲ್ಲು ನಿಲ್ಲಿಸಿ, ಚಪ್ಪಲಿ ಬಿಟ್ಟು, ತಟ್ಟೆ ಹಿಡಿದು ದೂರದಲ್ಲೇ ನಿಂತರು. ತಟ್ಟೆಯಲ್ಲಿ ನಿಂಬೆಹಣ್ಣು, ಕುಂಕುಮ, ಕರ್ಪೂರ. ಬೂದುಗುಂಬಳವನ್ನು ಕೋದಂಡಪ್ಪನೇ ಹಿಡಿದು ತಂದ.

"ತೊಳೆದಾಯ್ತೇನಪ್ಪಾ?"

"ಆಯ್ತು ಸ್ವಾಮಿ."

"ಹಾಗಾದರೆ ಅವಳನ್ನ ಆ ಕಡೆ ಕಳಿಸು. ನೆರಳು ಬೀಳ್ತಾ ಇದೆ. ನಾನು ಗಂಗಾಜಲ ಪ್ರೋಕ್ಷಣೆ ಮಾಡಿದ ಮೇಲೆ ಅವರ ಜನ ಯಾರೂ ಗಾಡಿ ಮುಟ್ಟಕೂಡದು. ಮಂಗಳಾರತಿ ಆಗೋತನಕ. ಮುಟ್ಟಿದರೆ ಮತ್ತೆ ಮೊದಲಿಂದ ಆಗಬೇಕು, ಹೇಳಿದ್ದೀನಿ."

"ಕೇಳುಸ್ತೇನೇ? ದೂರ ಓಗು."

ಮುನಿಗಂಗಮ್ಮ ನಾರು ಬಿಸಾಕಿ ಎದ್ದಳು. ಮಂಡಿ ಹಿಡಿದುಕೊಂಡಿತ್ತು. ಹತ್ತಿರದಲ್ಲಿ ಮಂಗಮ್ಮ, ಉಳಿದ ಹೆಂಗಸರು ಸಲಿಕೆ ಹಿಡಿದು ನಿಂತಿದ್ದರು. ಅವರ ಹತ್ತಿರಕ್ಕೆ ನಾಲ್ಕು ಹೆಜ್ಜೆ ನಡೆದಳು. ಅಯ್ನೋರು ಮಂತ್ರ ಹೇಳುತ್ತಾ ಬಂದು ತಂಬಿಗೆಯ ನೀರನ್ನು ಮಾವಿನೆಲೆಯಲ್ಲಿ ಚಿಮುಕಿಸಿದರು. ಕೋದಂಡಪ್ಪ ಬಗ್ಗಿ ಟೈರಿಗೆ ನಿಂಬೆಹಣ್ಣು ಇಟ್ಟ. ಆರುಮುಗಂ ಕೈ ಮುಗಿದು ನಿಂತ.

"ಗೌಡ್ರೇ," ಅಂದಳು ಮುನಿಗಂಗಮ್ಮ. "ಪೈಪು ಅದೇ ಐತಲ್ಲ."

"ಪೂಜೆ ಟೈಮ್ನಾಗೆ ಬೊಗಳ್ಬ್ಯಾಡ."

"ಇವತ್ತು ನಾನು ನಿಂತ್ಕೋಬೇಕಲ್ಲ ಕೆಳಗೆ. ಅದುಕ್ಕೆ ಕೇಳ್ದೆ."

"ನಿಮ್ಮಕ್ಕನ ಅಣೇಲಿ ಬರ್ದಿತ್ತು, ಓದ್ಲು. ನಿನ್ನ ಅಣೇಲೇನೈತೋ ಅದಾಗ್ತದೆ. ಪೈಪ್ಗೇನೇ ಬಂದೈತೆ, ಅಲ್ಕಾ ಮುಂಡೆ?"

ಅವಳಿಗೆ ಆಗ ಕೋಪ ಬಂತು ಅಂತ ಆಮೇಲೆ ಕೇರಿಯವರೆಲ್ಲ ಹೇಳಿಕೊಂಡರು. ಕೋಪಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲ? ಅವಳಿಗೆ ಬಂದದ್ದು ಸಾಕು ಅನ್ನುವ ಸಾಕು. ಕೂರಬೇಕು ಅನ್ನಿಸಿತು. ಹಾಗೇ ತಿರುಗಿ ನಡೆದು ಬಂದು, ಅಯ್ನೋರ ಮಾವಿನೆಲೆಯ ಕೆಳಗೆ ಹಾದು, ನೆಲಕ್ಕಿಳಿಸಿದ್ದ ಬಕೆಟ್ಟಿನೊಳಗೆ ಕಾಲು ಮಡಚಿ ಕೂತುಬಿಟ್ಟಳು.

ಮಂತ್ರ ಅರ್ಧಕ್ಕೆ ನಿಂತಿತು. ಅಯ್ನೋರು ಹಿಂದಕ್ಕೆ ಹಾರಿದರು, ತಂಬಿಗೆ ಕೆಳಗೆ ಬಿತ್ತು.

"ಏಳೇ," ಅಂದ ಕೋದಂಡಪ್ಪ. ಅವಳು ಏಳಲಿಲ್ಲ. "ಏಳೇ, ನಿನ್ನ ತಾಯಿ. ಲಾರಿ ನಿಂತವೆ ಅಲ್ಲಿ. ಗೂಡು ಆರ್ತಾ ಐತೆ."

ಮಂಗಮ್ಮ ಸಲಿಕೆ ನೆಲಕ್ಕೆ ಹಾಕಿದಳು. ಪಾಪ, ಅವಳಿಗೂ ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು. ಆಮೇಲೆ ಬಂದು ಬಕೆಟ್ಟಿನ ಅಂಚು ಹಿಡಿದು ಹತ್ತಿ, ಮುನಿಗಂಗಮ್ಮನ ಪಕ್ಕದಲ್ಲಿ ಕೂತಳು. ಅವಳ ಹಿಂದೆ ಉಳಿದವರೂ ಬಂದರು. ಎರಡು ಗಾಡಿ ಮಣ್ಣು ಹಿಡಿಯುವ ಬಕೆಟ್ಟು, ಹೆಂಗಸರೆಲ್ಲ ತೊಡೆಗೆ ತೊಡೆ ತಾಗಿಸಿ ಕೂತರೆ ಹಿಡಿಸಿತು.

"ಸೊಣ್ಣಪ್ಪಾ, ಎಳ್ದಾಕ್ಲಾ ಇವ್ರನ್ನ."

ಸೊಣ್ಣಪ್ಪ ಕಾಲು ಕೀಳಲಿಲ್ಲ.

"ಲೇ ಆರುಮುಗಂ, ಅತ್ತು ಮ್ಯಾಕೆ. ಎತ್ತಿ ಕೆರೆಗೆ ಸುರಿ ಈ ಮುಂಡೇರ್ನ."

"ಪೂಜೆ ಆಗಿಲ್ಲ ಸಾರ್," ಅಂದ ಆರುಮುಗಂ. "ಪೂಜೆ ಆಗ್ದೆ ನಾನು ವಂಡಿ ಮುಟ್ಟಲ್ಲ. ಮೊನ್ನೇನೇ ಸೊಲ್ಲಿದೀನಿ."

"ಸ್ವಾಮಿ, ಮಾಡಿ ನೀವು."

"ಹೇಗಪ್ಪಾ ಮಾಡೋದು? ತುಂಬಿಕೊಂಡು ಕೂತಿದ್ದಾರಲ್ಲ," ಅಂದರು ಅಯ್ನೋರು ಏರಿಯ ಕಡೆ ಸರಿಯುತ್ತಾ.

ಕೋದಂಡಪ್ಪ ತಾನೇ ನುಗ್ಗಿ ಬಂದ. ಮುನಿಗಂಗಮ್ಮನ ಜುಟ್ಟಿಗೆ ಚಾಚಿದ ಕೈ ಅವಳ ತಲೆಯಿಂದ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು. ಸ್ನಾನವಾಗಿತ್ತು, ಮಡಿಯಾಗಿತ್ತು, ಅಯ್ನೋರು ನೋಡುತ್ತಿದ್ದರು. ಕೈಯನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಏರಿಯ ಮೇಲೆ ಜೀಪು ಬಂತು. ಕೋದಂಡಪ್ಪನ ದನಿ ತಗ್ಗಿತು.

"ಏನಮ್ಮಾ ಬೇಕು ನಿಂಗೆ? ಇನಿಸ್ಪೆಟ್ರು ಬಂದ್ರು. ಇಳ್ದು ಯೋಳಿದ್ದನ್ನ ಯೋಳ್ಬುಡು."

"ಯೋಳ್ತೀನಿ ಗೌಡ್ರೇ. ನೀವಂದಂಗೇ ಯೋಳ್ತೀನಿ." ಮುನಿಗಂಗಮ್ಮನ ದನಿ ಅತ್ತು ಒಣಗಿತ್ತು, ಅದರಲ್ಲಿ ಏರಿಳಿತ ಇರಲಿಲ್ಲ. "ಎಲ್ರೂ ಇಳೀತೀವಿ, ಪೂಜೇನೂ ಆಗ್ಲಿ. ಆರುಮುಗಂ ಬಕೆಟ್ಟು ಎತ್ತಿ ನಿಲ್ಲಿಸ್ಲಿ. ನೀವು ನಮ್ಮಕ್ಕ ನಿಂತಿದ್ದ ತಾವ ಒಂದ್ಸಲ ನಿಂತ್ಕಳಿ. ಕೆರಿಯಾದೂ ಬ್ಯಾಡ. ಸುಮ್ಕೆ ನಿಂತ್ಕಳಿ, ಸಾಕು."

ಕೋದಂಡಪ್ಪನ ಕಣ್ಣು ಮೊದಲು ಹೋದದ್ದು ಪೈಪಿನ ಕಡೆಗೆ. ಹೆಂಗಸರೆಲ್ಲರೂ ಅದನ್ನು ನೋಡಿದರು. ಸೊಣ್ಣಪ್ಪನೂ ನೋಡಿದ.

ಇನ್‌ಸ್ಪೆಕ್ಟರು ಬೂಟಿಗೆ ಹತ್ತಿದ ಗೋಡನ್ನು ಕಲ್ಲಿಗೆ ಉಜ್ಜುತ್ತಾ ಇಳಿದು ಬಂದರು. ನಿಂತ ಗಾಡಿ, ಬಿದ್ದ ತಂಬಿಗೆ, ಬಕೆಟ್ಟಿನಲ್ಲಿ ಕೂತ ಹೆಂಗಸರು, ಒಂದೂ ಅವರಿಗೆ ಅರ್ಥವಾಗಲಿಲ್ಲ.

"ಏನ್ರೀ ಕೋದಂಡಪ್ಪ, ಇದೇನು ಜಾತ್ರೆ? ಸತ್ತೋಳ ತಂಗಿ ಯಾರು ಇದರಲ್ಲಿ? ಏನಮ್ಮಾ, ನಿಮ್ಮಕ್ಕ ಹೇಗೆ ಸತ್ತಳು?"

ಮುನಿಗಂಗಮ್ಮ ಕೋದಂಡಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ವಸಿ ತಡೀರಿ ಸಾಮಿ," ಅಂದಳು. "ಗೌಡ್ರು ಇನ್ನಾ ನಿಂತಿಲ್ಲ."