ಸಾಕು ಎಂದರೂ ಕೇಳದ ಭಟ್ಟಿ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಬಚ್ಚಲಮನೆಗೆ ಸರದಿ ಇರಲಿಲ್ಲ. ಅವಳು ಬಿಸಿನೀರು ಮುಗಿಯುವವರೆಗೂ ಸ್ನಾನ ಮಾಡಿದಳು. ತಲೆ ಒರೆಸಿಕೊಳ್ಳುತ್ತ ಹೊರಬಂದರೆ ಬಾಗಿಲಲ್ಲಿ ಭಾವ, ಗಂಡನ ಅಣ್ಣ, ನಿಂತಿದ್ದರು. ಕೈಯಲ್ಲಿ ಅವರ ಕಾರ್ಖಾನೆಯದೇ ಒಂದು ಪಿಂಗಾಣಿ ಬಟ್ಟಲು. ಕಾವಿಗೆ ಕುಸಿದು, ಕುಡಿದವನ ಟೋಪಿಯ ಹಾಗೆ ಒಂದು ಕಡೆ ವಾಲಿತ್ತು.

"ಭಟ್ಟಿಯಲ್ಲಿದ್ದದ್ದೆಲ್ಲ ಹೀಗೇ ಆಯ್ತಮ್ಮ. ಹೊಸ ಮಣ್ಣು, ಹಳೇ ಕಾವು ತಡೆಯಲ್ಲ. ಸಾವಿರದ ನೂರು ಡಿಗ್ರಿಗೆ ನಿಲ್ಲಿಸು ಅಂತ ಕಂಪ್ಯೂಟರಿಗೆ ನಾನೇ ಬರೆದೆ. ಓಕೆ ಅಂತ ಬೇರೆ ಅಂತು! ಆಮೇಲೆ ಹಳೇ ಕಾವಿಗೇ ಹೋಗಿ ಕೂತಿದೆ."

"ನೀವು ಬರೆದಿರಾ?"

"ತಮ್ಮ ಬರೆಯೋದು ನಾನು ನೋಡಿರಲಿಲ್ವಾ? ಬಿಡು. ನಾಳೆ ಬೇಸಿಕ್ ಭಾಷೆ ಬಲ್ಲವನೊಬ್ಬ ಬರ್ತಾನೆ. ತಮ್ಮ ಬರೆದಿದ್ದನ್ನೆಲ್ಲ ಅಳಿಸಿ ಹೊಸದು ಬರೀತಾನೆ. ಬೇಜಾರು ಮಾಡ್ಕೋಬೇಡ."

ಇಷ್ಟು ದಿನ ಯಾರು ಏನೆಂದರೂ ಅವಳಿಗೆ ಏನೂ ಆಗಿರಲಿಲ್ಲ. 'ಅಳಿಸಿ' ಎಂದದ್ದು ಮಾತ್ರ ಚುರುಕ್ಕೆಂದಿತು.

ಭಟ್ಟಿಯ ಕಂಪ್ಯೂಟರಿಗೆ ಗಂಡ ಫೋರ್ತ್ ಎಂಬ ಭಾಷೆಯನ್ನು ಆರಿಸಿಕೊಂಡಾಗ ನಗದವರಿರಲಿಲ್ಲ. ಎಲ್ಲರೂ ಬೇಸಿಕ್ ಎನ್ನುತ್ತಿದ್ದ ಕಾಲ. ಆ ಪುಟ್ಟ ಕಂಪ್ಯೂಟರಿನ ನೆನಪಿನ ಜಾಗ ಅಂಗೈಯಷ್ಟು. ಬೇಸಿಕ್ ಕೂತರೆ ಅರ್ಧ ಜಾಗ ಅದಕ್ಕೇ ಬೇಕು. ಫೋರ್ತ್ ಮೂಲೆಯಲ್ಲಿ ಮುದುಡಿಕೊಂಡು ಗಾಳಿಯಂತೆ ಓಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅದರಲ್ಲಿ ಪದಗಳನ್ನು ನಾವೇ ಮಾಡಿಕೊಳ್ಳಬಹುದಿತ್ತು. "ಊರೆಲ್ಲ ಕೈಯಲ್ಲಿ ಬರೆದರೆ ನೀನು ಕಾಲಲ್ಲಿ ಬರಿಯಪ್ಪಾ" ಎಂದಿದ್ದರು ಭಾವ.

"ಇವತ್ತೊಂದು ದಿನ ನನಗೆ ಬಿಡಿ, ಭಾವ," ಎಂದಳು.

ಕಾರ್ಖಾನೆಯ ಕೋಣೆಯಲ್ಲಿ ಕೀಲಿಮಣೆಯ ಮೇಲೆ ಬಿಳಿ ಧೂಳು ಕೂತಿತ್ತು. ಊದಿದಳು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮನೆಯ ಮಾತು ಬಂದು ನಿಂತಿತು: ಕಾಯಿಸು. ತಡಿ. ನೋಡು. ಸಾಕು. ಗಂಡ ಅಡುಗೆಮನೆಯ ಕಟ್ಟೆ ಮೇಲೆ ಕೂತು ಅವಳಿಗೆ ಹಾಲು ಕಾಯಿಸಲು ಹೇಳಿಕೊಡುತ್ತಿದ್ದ ಧಾಟಿಯೇ. ಅವಳು ಮೊದಲಿನಿಂದ ನಿಧಾನವಾಗಿ ಓದಿದಳು.

ಎಷ್ಟು ಕಾವಿಗೆ ನಿಲ್ಲಬೇಕೆಂದು ಹೇಳುವ 'ಸಾಕು' ಕಂಪ್ಯೂಟರಿನಲ್ಲಿ ಎರಡಿದ್ದವು. ಗಂಡನದು ಮೇಲೆ. ಅದನ್ನು ನಂಬಿ ಕಟ್ಟಿದ, ಇಡೀ ಕೆಲಸ ನಡೆಸುವ 'ಭಟ್ಟಿ' ಎಂಬ ಪದ ನಡುವೆ. ಭಾವನದು ಎಲ್ಲಕ್ಕಿಂತ ಕೆಳಗೆ, ಊಟ ಮುಗಿದ ಮೇಲೆ ಬಂದ ಅಡುಗೆಯವನ ಹಾಗೆ. ಅವಳು ಓದಿದ್ದು ಗಣಿತ. ಮೇಲಿನ ವ್ಯಾಖ್ಯೆಯ ಮೇಲೆ ನಿಂತದ್ದು, ಕೆಳಗೆ ಇನ್ನೊಂದು ಬರೆದ ಮಾತ್ರಕ್ಕೆ ಬದಲಾಗುವುದಿಲ್ಲ.

"ಭಾವ, ಅವರು ಅಂಕಿ ಬದಲಿಸಿದ ಮೇಲೆ ಇನ್ನೇನು ಮಾಡ್ತಿದ್ರು?" ಎಂದು ಹಿಂದೆ ಬಂದು ನಿಂತಿದ್ದವರನ್ನು ಕೇಳಿದಳು.

"ಏನಿಲ್ಲ. ಟೀ ಕುಡಿಯೋಕೆ ಬರ್ತಿದ್ದ. ಆ ಕಂಪ್ಯೂಟರಿನ ಡಿಸ್ಕು ತನ್ನಷ್ಟಕ್ಕೆ ಗರಗರ ಅಂತಿರ್ತಿತ್ತು."

"ನೀವು?"

"ನಾನು ಟೀ ಕುಡಿದೇ ಬರೆಯೋಕೆ ಕೂತಿದ್ದೆ."

ಅವಳಿಗೆ ನಗು ಬಂತು. ಬಂದದ್ದು ಗೊತ್ತಾಗಿ ಬೆರಗೂ ಆಯಿತು. "ಆ ಗರಗರವೇ ಬೇಕಾಗಿದ್ದು, ಭಾವ. ಹಳೇ ಸಾಕಿನಿಂದ ಈಚೆಗಿನದನ್ನೆಲ್ಲ ಕಂಪ್ಯೂಟರಿಗೆ ಮರೆಸಿ, ತಿದ್ದಿದ್ದನ್ನು ಡಿಸ್ಕಿನಿಂದ ಮತ್ತೆ ಓದಿಸ್ತಿದ್ರು. ಆಗ 'ಭಟ್ಟಿ' ಹೊಸ ಸಾಕಿನ ಮೇಲೆ ನಿಲ್ತಿತ್ತು."

ಅಂಕಿ ತಿದ್ದಿ, ಮರೆಸಿ, ಓದಿಸಿದಳು. ಡಿಸ್ಕು ಗರಗರ ಎಂದಿತು. ಭಟ್ಟಿ ಕಾಯತೊಡಗಿತು. ಮಧ್ಯಾಹ್ನವೆಲ್ಲ ಭಾವ ಮುಖ್ಯ ಸ್ವಿಚ್ಚಿನ ಮೇಲೆ ಕೈಯಿಟ್ಟೇ ಕೂತಿದ್ದರು. ಮಾಪಕದ ಮುಳ್ಳು ಸಾವಿರದ ನೂರನ್ನು ಮುಟ್ಟಿದಾಗ ಗೋಡೆಯ ಪೆಟ್ಟಿಗೆಯೊಳಗೆ 'ಟಕ್' ಎಂದಿತು, ಭಟ್ಟಿ ನಿಂತಿತು. ಅಷ್ಟೇ. ಭಾವ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡರು.

"ನಾಳೆ ಬರೋನಿಗೆ ಬೇಡ ಅಂತ ಹೇಳಿಬಿಡ್ತೀನಿ. ನನ್ನ ತಮ್ಮನೇನು ಹುಚ್ಚನಾಗಿರಲಿಲ್ಲ, ಅಲ್ವೇನಮ್ಮ?"

"ಇರಲಿಲ್ಲ," ಎಂದಳು. ಹಸಿವಾಗಿತ್ತು. ಅವರು ತರಿಸಿದ್ದ ಬ್ರೆಡ್ಡನ್ನು ನಿಂತೇ ತಿಂದಳು.

ಡಿಸ್ಕನ್ನು ಹೊರತೆಗೆದಾಗ ಅದರ ಮೇಲಿನ ಬರಹ ಗಂಡನದಲ್ಲ ಎಂದು ಕಂಡಿತು. "ಅದಾ? ರೇಡಿಯೋ ರಿಪೇರಿಯವನ ಫೋರ್ತ್ ಡಿಸ್ಕು," ಎಂದರು ಭಾವ. "ತಮ್ಮ ಎರಡು ದಿನಕ್ಕೆ ಅಂತ ಇಸ್ಕೊಂಡಿದ್ದ, ವಾಪಸ್ ಕೊಡಲೇ ಇಲ್ಲ, ಪುಣ್ಯಾತ್ಮ."

ಅವಳು ಅದನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡಳು. ಮರುದಿನ ಅಂಗಡಿಗೆ ಹೋದಾಗ ರಿಪೇರಿಯವನು ಬಿಚ್ಚಿಟ್ಟ ರೇಡಿಯೋದಿಂದ ತಲೆಯೆತ್ತಿ, ಡಿಸ್ಕನ್ನೂ ಅವಳನ್ನೂ ನೋಡಿ ತೊದಲಿದ.

"ಅಯ್ಯೋ, ಇಟ್ಕೊಳ್ಳಿ ತಾಯಿ. ನನಗೆ ಅದರ ತಲೆಬುಡ ಗೊತ್ತಾಗಲಿಲ್ಲ."

"ನನಗೆ ಗೊತ್ತಾಯ್ತು," ಎಂದಳು. "ನನ್ನ ಹತ್ರ ಇನ್ನೊಂದಿದೆ. ಇದು ನಿಮ್ಮದು."

ತಿರುಪುಗಳನ್ನು ಒಂದು ಕಡೆ ಸರಿಸಿ, ಡಿಸ್ಕನ್ನು ಅವನ ಮುಂದಿಟ್ಟಳು.